ಗೆದ್ದು ನಮ್ಮನ್ನು ಕೆಡಿಸಿದ ಕುದುರೆಯವರಿಗೆ

ಮಾನ್ಯರೇ,

ರೇಸ್ ಮೈದಾನದ ಹಿಂಬದಿಯ ಲಾಯದಲ್ಲಿ, ದಿನಕ್ಕೊಮ್ಮೆ ಬದಲಾಗುವ ಹುಲ್ಲಿನ ಹಾಸಿಗೆಯ ಮೇಲೆ ವಾಸವಾಗಿರುವ, ಕಂದು ಮೈಯ, ಹಣೆಯಲ್ಲಿ ಬಿಳಿ ಮಚ್ಚೆಯುಳ್ಳ, ನನ್ನ ಯಜಮಾನರ ಬಾಯಲ್ಲಿ 'ದೊರೆ' ಎಂದೇ ಹೆಸರಾದ ತಮ್ಮ ನಾಲ್ಕೂ ಪಾದಗಳಿಗೆ ಬಟ್ಟೆ ಒಗೆಯುವ ಅಂಗಡಿಯವಳೊಬ್ಬಳ ಅನಂತ ನಮಸ್ಕಾರಗಳು. ತಾವು ಕ್ಷೇಮವೇ ಎಂದು ಮೊದಲು ಕೇಳುವುದು ಕಾಗದ ಬರೆಯುವವರ ಮರ್ಯಾದೆ. ಆದರೆ ತಮ್ಮ ಕ್ಷೇಮವೆಲ್ಲ ನಮ್ಮ ಖರ್ಚಿನಲ್ಲೇ ನಡೆದಿರುವುದರಿಂದ ಅದರ ಬಗ್ಗೆ ನನಗೆ ಯಾವ ಅನುಮಾನವೂ ಇಲ್ಲ. ನಮ್ಮ ಕ್ಷೇಮವನ್ನು ತಾವು ಕೇಳುವವರಲ್ಲ, ಹಾಗಾಗಿ ನಾನೇ ಹೇಳುತ್ತೇನೆ, ಕಿವಿ ಸ್ವಲ್ಪ ನೆಟ್ಟಗೆ ಮಾಡಿಕೊಳ್ಳಬೇಕು.

ನಾನು ಓದಿದವಳಲ್ಲ. ಭಾಗಾಕಾರ ಕಲಿಸುವ ಹೊತ್ತಿಗೆ ಶಾಲೆ ಬಿಡಿಸಿ ಚಿಕ್ಕಮ್ಮನ ಲಾಂಡ್ರಿಗೆ ಹಾಕಿದರು, ಅಂದಿನಿಂದ ಇಂದಿನವರೆಗೆ ಊರವರ ಕೊಳೆಯೇ ನನ್ನ ವಿದ್ಯೆ. ಬರವಣಿಗೆಯಲ್ಲಿ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ನಮ್ಮ ಮನೆಯದು ಇಷ್ಟೆಲ್ಲ ಹಾಕಿಕೊಂಡವರಿಗೆ ಇದೊಂದು ಭಾರವಾಗಲಾರದು. ಈ ಕಾಗದದ ಒಂದು ಪ್ರತಿಯನ್ನು ಪತ್ರಿಕೆಯವರಿಗೆ ಕೊಟ್ಟಿದ್ದೇನೆ, ಇನ್ನೊಂದನ್ನು ತಮ್ಮ ಮೈದಾನದ ಗೇಟಿಗೆ ಅಂಟಿಸುತ್ತಿದ್ದೇನೆ. ಟಿಕೆಟ್ಟಿನ ಕಿಂಡಿಯ ಮುಂದೆ ಹೆಂಡತಿಗೆ ಹೇಳದೆ ಬಂದು ನಿಂತ ಮಹನೀಯರು ಬೇಕಾದಷ್ಟು ಮಂದಿ ಇರುತ್ತಾರೆ, ಅವರಲ್ಲಿ ಯಾರಾದರೂ ತಮಗೆ ಓದಿ ಹೇಳಲಿ.

ಮೊದಲು ಹೊಗಳಬೇಕಾದದ್ದನ್ನು ಹೊಗಳಿ ಮುಗಿಸುತ್ತೇನೆ, ಆಮೇಲೆ ಜಗಳಕ್ಕೆ ಅನುಕೂಲವಾಗುತ್ತದೆ. ತಮ್ಮಷ್ಟು ಪ್ರಾಮಾಣಿಕರನ್ನು ನಾನು ಕಂಡಿಲ್ಲ. ಗೆಲ್ಲುತ್ತೇನೆಂದು ತಾವು ಯಾರಿಗೂ ಮಾತು ಕೊಟ್ಟವರಲ್ಲ, ತಮ್ಮ ಪರವಾಗಿ ಕೊಟ್ಟವರು ನನ್ನ ಯಜಮಾನರು. ಎಲ್ಲರೂ ನಾ ಮುಂದು ತಾ ಮುಂದು ಎಂದು ಸಾಯುವ ಈ ಕಾಲದಲ್ಲಿ, ಉಳಿದವರಿಗೆಲ್ಲ ದಾರಿ ಬಿಟ್ಟುಕೊಟ್ಟು, ಅವರೆಬ್ಬಿಸಿದ ಧೂಳನ್ನು ಕುಡಿದುಕೊಂಡು, ಹೆಣ್ಣು ನೋಡಲು ಹೋದವರ ಹಾಗೆ ನಿಧಾನಕ್ಕೆ ಹಿಂದಿನಿಂದ ಬರುತ್ತಿದ್ದ ತಮ್ಮ ವಿನಯವನ್ನು ಎಷ್ಟು ಕೊಂಡಾಡಿದರೂ ಕಡಿಮೆಯೇ. ತಮ್ಮ ತಾಯಿ ಯಾರು, ಅಜ್ಜಿ ಯಾರು, ಅಜ್ಜಿಗೆ ಯಾವ ಮೈದಾನದಲ್ಲಿ ಕಾಲು ಉಳುಕಿತು ಎಂಬುದೆಲ್ಲ ಯಜಮಾನರಿಗೆ ಬಾಯಿಪಾಠ. ಸ್ವಂತ ಮೊಮ್ಮಗಳು ಯಾವ ತರಗತಿ ಎಂದರೆ ನನ್ನ ಮುಖ ನೋಡುತ್ತಾರೆ. ನಾನು ಕೆಮ್ಮಿ ಕೆಮ್ಮಿ ಮಲಗಿದಾಗ "ಬಿಸಿನೀರು ಕುಡಿ, ಹೋಗುತ್ತೆ" ಎಂದು ಹೇಳಿ ಹೊರಗೆ ಹೋದವರು, ತಮಗೆ ನೆಗಡಿ ಎಂದು ಪತ್ರಿಕೆಯಲ್ಲಿ ಬಂದ ದಿನ ಊಟ ಬಿಟ್ಟು ಕೂತಿದ್ದರು.

ಇಂಥ ತಮ್ಮ ಸೇವೆಗೆ ನಮ್ಮ ಅಂಗಡಿಯಿಂದ ಏನೇನು ಸಂದಾಯವಾಗಿದೆ ಎಂಬುದು ತಮಗೆ ತಿಳಿದಿರಬೇಕು. ಬಟ್ಟೆ ಒಣಗಿಸುವ ಯಂತ್ರ ಹೋಯಿತು, ಈಗ ಮಹಡಿಯ ಮೇಲೆ ಹಗ್ಗ ಕಟ್ಟಿಕೊಂಡು ಮೋಡದ ಮುಖ ನೋಡುತ್ತೇವೆ. ಒಗೆಯುವ ದೊಡ್ಡ ಯಂತ್ರ ಹೋಯಿತು, ಅದರ ಜೊತೆ ವಸತಿಗೃಹದವರ ಹಾಸಿಗೆ ಬಟ್ಟೆಯ ಗುತ್ತಿಗೆಯೂ ಹೋಯಿತು. ಹೊಸ ಯಂತ್ರಕ್ಕೆಂದು ಬ್ಯಾಂಕಿನಿಂದ ಸಾಲ ತಂದರು, ನನ್ನ ಕೈಲೂ ಸಹಿ ಹಾಕಿಸಿದರು. ಯಂತ್ರ ಬರಲಿಲ್ಲ, ತಾವು ಮಾತ್ರ ಎರಡು ಸಲ ಓಡಿ ಎರಡು ಸಲವೂ ಕ್ಷೇಮವಾಗಿ ಕೊನೆಗೆ ಬಂದು ಸೇರಿದಿರಿ. ಉಳಿದಿರುವುದು ಉಗಿ ಇಸ್ತ್ರಿಯ ಯಂತ್ರವೊಂದೇ. ಕಾಲಲ್ಲಿ ತುಳಿದರೆ ಬುಸ್ಸೆಂದು ಉಗಿ ಬಿಟ್ಟು, ಮುದುಕನ ಚರ್ಮದಂತಿರುವ ಕೋಟನ್ನೂ ಮದುಮಗನ ಕೋಟು ಮಾಡುವ ಯಂತ್ರ ಅದು. ಅದು ಇದ್ದರೆ ನನಗೆ ಅನ್ನವಿದೆ, ಹೋದರೆ ಈ ವಯಸ್ಸಿನಲ್ಲಿ ಮಗಳ ಮನೆಯ ಮೂಲೆಯೇ ಗತಿ. ನಾನು ಮೂಲೆಗೆ ಕೂರುವ ಜಾತಿಯವಳಲ್ಲ, ಮಗಳಿಗೂ ಅದು ಗೊತ್ತು, ಅಳಿಯನಿಗಂತೂ ಚೆನ್ನಾಗಿ ಗೊತ್ತು.

ಇಷ್ಟಾಗುವವರೆಗೆ ನೀನೇನು ಕಣ್ಣು ಮುಚ್ಚಿಕೊಂಡಿದ್ದೆಯಾ ಎಂದು ತಾವು ಕೇಳಬಹುದು. ಬಟ್ಟೆ ನೀರಿಗೆ ಬೀಳುವ ಮೊದಲು ಜೇಬು ತಡಕುವುದು ನಮ್ಮ ಕಸುಬಿನ ಮೊದಲ ಪಾಠ. ಸಿಕ್ಕಿದ್ದು ಬೀಗದ ಕೈಯಾಗಲಿ, ಹಲ್ಲಿನ ಸೆಟ್ಟಾಗಲಿ, ಪರರ ಹೆಂಡತಿಯ ಫೋಟೋ ಆಗಲಿ, ನೋಡದೆ ಕವರಿಗೆ ಹಾಕಿ, ಇಸ್ತ್ರಿಯಾದ ಬಟ್ಟೆಗೆ ಪಿನ್ನು ಚುಚ್ಚಿ ಒಡೆಯರಿಗೆ ಮರಳಿಸುವುದು ಎರಡನೆಯ ಪಾಠ. ಯಜಮಾನರ ಪ್ಯಾಂಟಿನಲ್ಲಿ ತಮ್ಮ ಹೆಸರಿನ ಚೀಟಿಗಳು ಸಿಗುತ್ತಿದ್ದವು. ಕೈಗೆ ಅಂಟಿದ ಅಭ್ಯಾಸ ನೋಡಿ, ಮುದುರಿದ್ದನ್ನು ನೇರ ಮಾಡಿ, ಕವರಿಗೆ ಹಾಕಿ, ಪಿನ್ನು ಚುಚ್ಚಿ ನಾನೇ ಒಪ್ಪಿಸುತ್ತಿದ್ದೆ. ನನ್ನ ಮನೆ ಮುಳುಗಿದ್ದಕ್ಕೆ ಸಿಕ್ಕಿದ ರಸೀತಿಗೆ ನಾನೇ ಇಸ್ತ್ರಿ ಹಾಕಿಕೊಟ್ಟಂತಾಯಿತು.

ಕೊನೆಗೆ ದಿವಾಳಿ ಅರ್ಜಿ ಹಾಕುವುದೆಂದಾಯಿತು. ವಕೀಲೆ ನನ್ನ ಹಳೆಯ ಗಿರಾಕಿ, ವಯಸ್ಸಿನಲ್ಲಿ ಮಗಳಿಗಿಂತ ಚಿಕ್ಕವಳು. ತೀರಿಸಲು ನಿಜವಾಗಿಯೂ ಕೈಲಾಗದು ಎಂದು ಅಧಿಕಾರಿಗೆ ನಂಬಿಕೆ ಬಂದರೆ ಸಾಲ ಮನ್ನಾ ಆಗುತ್ತದೆ, ಕಸುಬಿನ ಸಾಮಾನನ್ನು ಯಾರೂ ಮುಟ್ಟುವ ಹಾಗಿಲ್ಲ, ಇಸ್ತ್ರಿ ಯಂತ್ರ ಉಳಿಯುತ್ತದೆ ಎಂದಳು. ಆದರೆ ಅರ್ಜಿ ಹಾಕಿದ ಮೇಲೆ ಜೂಜು ಕೂಡದು, ಎಲ್ಲಿಂದಲಾದರೂ ಹಣ ಬಂದರೆ ಮುಚ್ಚಿಡಕೂಡದು. ತಪ್ಪಿದರೆ ಅರ್ಜಿ ವಜಾ, ಯಂತ್ರ ಸಾಲ ಕೊಟ್ಟವರ ಲಾರಿಗೆ. ಆಮೇಲೆ ಪೆನ್ನು ಕೆಳಗಿಟ್ಟು, "ಅಮ್ಮಾ, ನನ್ನ ಮಾತು ಕೇಳಿ, ನೀವೊಬ್ಬರೇ ಅರ್ಜಿ ಹಾಕಿ. ಅವರನ್ನ ಜೊತೆಗೆ ಸೇರಿಸ್ಕೊಂಡ್ರೆ ಅವರು ಮಾಡೋದೆಲ್ಲ ನಿಮ್ಮ ತಲೆಗೇ ಬರುತ್ತೆ" ಎಂದು ಮೆಲ್ಲಗೆ ಹೇಳಿದಳು. "ಬಾಯ್ಮುಚ್ಚೇ! ಕಟ್ಟಿಕೊಂಡವರನ್ನ ಬಿಟ್ಟು ನಾನೊಬ್ಬಳೇ ದಿವಾಳಿ ಆಗ್ಲಾ? ನಾಳೆಯಿಂದ ನಿನ್ನ ಕೋಟು ನೀನೇ ತೀಡ್ಕೋ" ಎಂದು ಬೈದು, ಇಬ್ಬರ ಹೆಸರಿನಲ್ಲೂ ಬರೆಸಿ ಬಂದೆ. ಯಜಮಾನರು ಕಣ್ಣಲ್ಲಿ ನೀರು ತಂದುಕೊಂಡು, ಕಾದ ಇಸ್ತ್ರಿಯ ಮೇಲೆ ಕೈಯಿಟ್ಟು ಆಣೆ ಮಾಡಲು ಹೋದರು. ಸುಟ್ಟುಕೊಂಡರೆ ಆಸ್ಪತ್ರೆಯ ಖರ್ಚೂ ನನಗೇ ಎಂದು ನಾನೇ ಕೈ ಹಿಡಿದೆಳೆದೆ. ತಮ್ಮ ದಯೆಯಿಂದ ಅವರ ಕೈ ಈಗಲೂ ಮೃದುವಾಗಿದೆ.

ಈಗ ದೂರಿಗೆ ಬರುತ್ತೇನೆ. ವಿಚಾರಣೆಯ ಹಿಂದಿನ ದಿನ, ವಕೀಲೆಗೆ ಕೊಡಬೇಕೆಂದು ಸೋಪಿನ ಪುಡಿಯ ಡಬ್ಬಿಯಲ್ಲಿ ಅಡಗಿಸಿಟ್ಟಿದ್ದ ಹಣವನ್ನು ತೆಗೆದುಕೊಂಡು, ಮೈಯೆಲ್ಲ ಸೋಪಿನ ಪರಿಮಳ ಹರಡಿಕೊಂಡು, ಯಜಮಾನರು ಮೈದಾನಕ್ಕೆ ಬಂದು ತಮ್ಮ ಮೇಲೆ ಕಟ್ಟಿದರು. ಆಗ ತಾವು ಏನು ಮಾಡಿದಿರಿ? ಗೆದ್ದುಬಿಟ್ಟಿರಿ!

ಮಾನ್ಯರೇ, ತಮಗೆ ನಾನು ಮಾಡಿದ ಅನ್ಯಾಯವಾದರೂ ಏನು? ಇಷ್ಟು ವರ್ಷ ಅಚ್ಚುಕಟ್ಟಾಗಿ ಸೋತವರಿಗೆ ಇನ್ನೊಂದು ಮಧ್ಯಾಹ್ನ ಸೋಲಲು ಏನು ಧಾಡಿಯಾಗಿತ್ತು? ಮುಂದಿದ್ದ ಕುದುರೆ ಮುಗ್ಗರಿಸಿತಂತೆ, ಅದರ ಹಿಂದಿದ್ದವು ಒಂದಕ್ಕೊಂದು ಗುದ್ದಿಕೊಂಡು ನಿಂತವಂತೆ, ತಾವು ಎಲ್ಲರಿಗಿಂತ ದೂರದಲ್ಲಿದ್ದುದರಿಂದ ಸುತ್ತು ಹಾಕಿ ಹೋಗಲು ಆರಾಮವಾಗಿ ಜಾಗ ಸಿಕ್ಕಿತಂತೆ. ಸಿಕ್ಕಿದರೆ ಹೋಗಿಬಿಡುವುದೇ? ನಿಂತು ಯೋಚಿಸಬೇಡವೇ? ತಾವು ತಂದುಕೊಟ್ಟದ್ದು ಸಾಲ ತೀರಿಸಲು ಯಾವ ಮೂಲೆಗೂ ಸಾಲದಷ್ಟು, ಅರ್ಜಿ ಕೆಡಿಸಲು ಧಾರಾಳವಾಗಿ ಸಾಕಾಗುವಷ್ಟು. ಯಜಮಾನರು ಹೊಸ ಬೂಟು ಹಾಕಿಕೊಂಡು, ಕೈಯಲ್ಲಿ ಹೂವಿನ ಗೊಂಚಲು ಹಿಡಿದು, ಅಂಗಡಿಯ ಬಾಗಿಲಲ್ಲಿ ನಿಂತು, "ಹೇಳಿದ್ದೆ ತಾನೆ! ಹೇಳಿದ್ದೆ ತಾನೆ! ನೀನೆಲ್ಲಿ ನಂಬ್ತೀಯ ನನ್ನ!" ಎಂದು ಕುಣಿದರು. ಮದುವೆಯಾದ ಮೇಲೆ ಅವರು ನನಗೆ ಹೂವಿನ ಗೊಂಚಲು ತಂದದ್ದು ಅದೇ ಮೊದಲು, ಅದಕ್ಕೂ ತಮ್ಮ ಕಾಲೇ ಬೇಕಾಯಿತು.

ಮಾರನೆಯ ದಿನ ವಿಚಾರಣೆ. ಅಧಿಕಾರಿ ಒಳ್ಳೆಯ ಮನುಷ್ಯರು, ಅಂಗಿಯ ಕಾಲರನ್ನು ಮಾತ್ರ ಯಾರೋ ಹಾಳು ಮಾಡಿಟ್ಟಿದ್ದರು. ಎಲ್ಲ ಕೇಳಿ ಮುಗಿಸಿ, ಇನ್ನೇನು ಸಹಿ ಹಾಕಬೇಕು, "ಅರ್ಜಿ ಕೊಟ್ಟ ಮೇಲೆ ಬೇರೆ ಏನಾದ್ರೂ ದುಡ್ಡು ಬಂತೇನಮ್ಮಾ?" ಎಂದರು. ಯಜಮಾನರು ಸೂರು ನೋಡಿದರು. ಸುಳ್ಳು ಹೇಳಿದ್ದರೆ ಯಂತ್ರ ಅಂದೇ ಉಳಿಯುತ್ತಿತ್ತೇನೋ. ಆದರೆ ಆಮೇಲೆ ಗೊತ್ತಾದರೆ ಯಂತ್ರದ ಜೊತೆ ನನ್ನನ್ನೂ ಎತ್ತಿಕೊಂಡು ಹೋಗುತ್ತಾರೆ, ಅಲ್ಲದೆ ಸುಳ್ಳು ಹೇಳುವವರು ಮನೆಗೆ ಒಬ್ಬರು ಸಾಕು. "ಬಂತು ಸ್ವಾಮಿ, ಕುದುರೆ ಕೊಡ್ತು" ಎಂದೆ. ಅಧಿಕಾರಿ ಕನ್ನಡಕ ತೆಗೆದು ಯಜಮಾನರನ್ನು ನೋಡಿ, "ಇನ್ನಾದ್ರೂ ಬಿಡ್ತೀರೇನ್ರೀ?" ಎಂದರು. ಬಿಡ್ತೀನಿ ಎಂಬ ಒಂದು ಮಾತು, ಮಾನ್ಯರೇ. ಆಡಿದ್ದರೆ ಅಧಿಕಾರಿ ಇನ್ನೊಂದು ಅವಕಾಶ ಕೊಡುವ ಮನಸ್ಸಿನಲ್ಲಿದ್ದರು. ನಮ್ಮವರು ಎದೆಯುಬ್ಬಿಸಿ, "ಸೋಲ್ತಾ ಇದ್ದಾಗ್ಲೇ ಬಿಡ್ಲಿಲ್ಲ ಸ್ವಾಮಿ, ಈಗ ಗೆಲ್ಲೋಕೆ ಶುರುವಾದ ಮೇಲೆ ಬಿಡು ಅಂದ್ರೆ ನ್ಯಾಯಾನಾ?" ಎಂದರು. ಬಾಗಿಲಲ್ಲಿದ್ದ ಜವಾನ ನಕ್ಕುಬಿಟ್ಟ. ಅಧಿಕಾರಿ ನಗಲಿಲ್ಲ. ಅರ್ಜಿ ವಜಾ ಆಯಿತು.

ಮನೆಗೆ ಬರುವ ದಾರಿಯುದ್ದಕ್ಕೂ ಯಜಮಾನರು ತಮ್ಮ ಮುಂದಿನ ಓಟದ ವಿಚಾರವನ್ನೇ ಮಾತಾಡಿದರು. ನಾನು ಎಲ್ಲದಕ್ಕೂ 'ಹೂಂ, ಹೂಂ' ಎನ್ನುತ್ತಾ ನಡೆದೆ. ನನ್ನನ್ನು ಬಲ್ಲವರಿಗೆ ಇದು ಎಂಥ ಅಪಾಯದ ಸೂಚನೆ ಎಂದು ಗೊತ್ತು. ಅಂಗಡಿಗೆ ಬಂದವಳೇ ಅವರ ಬಟ್ಟೆಯನ್ನೆಲ್ಲ ತೀಡಿ, ಮಡಿಸಿ, ಗಿರಾಕಿಗೆ ಕಟ್ಟುವ ಹಾಗೆಯೇ ಕಾಗದ ಸುತ್ತಿ ಗಂಟು ಕಟ್ಟಿ, ಅವರ ತಮ್ಮನ ಮನೆಯ ದಾರಿ ತೋರಿಸಿದೆ. ಆಮೇಲೆ ವಕೀಲೆಯ ಹತ್ತಿರ ಹೋಗಿ ಕೂತೆ. ನಾನು ಮೊದಲೇ ಹೇಳಿರಲಿಲ್ಲವೇ ಎಂದು ಅವಳು ಅನ್ನಲಿಲ್ಲ, ಅದಕ್ಕಾಗಿ ಅವಳ ಕೋಟಿಗೆ ನಾನು ಬದುಕಿರುವವರೆಗೆ ಇಸ್ತ್ರಿ ಪುಕ್ಕಟೆ. ಹೊಸ ಅರ್ಜಿ ಹಾಕಿದೆವು, ಅದು ತೀರ್ಮಾನವಾಗುವವರೆಗೆ ಸಾಲ ಕೊಟ್ಟವರ ಲಾರಿ ಬರುವಂತಿಲ್ಲವಂತೆ. ಅದರಲ್ಲಿ ಒಂದೇ ಹೆಸರಿದೆ, ನನ್ನದು. ನೋಡಲಿಕ್ಕೆ ಮೂಗು ಕಿತ್ತ ಮುಖದ ಹಾಗಿದೆ, ಅಭ್ಯಾಸವಾಗುತ್ತದಂತೆ.

ಆದ್ದರಿಂದ ತಮ್ಮಲ್ಲಿ ಕೆಲವು ಬಿನ್ನಹ. ನಮ್ಮ ಒಣಗಿಸುವ ಯಂತ್ರದ ಬೆಲೆಯಷ್ಟಾದರೂ ತಮ್ಮ ಮೈಯಲ್ಲಿ ನನ್ನ ಪಾಲಿರುವುದರಿಂದ, ಹಿಂದಿನ ಎಡಗಾಲನ್ನು ನನ್ನ ಹೆಸರಿಗೆ ಬರೆದುಕೊಡಬೇಕು. ಇನ್ನು ಮುಂದೆ ನಾನು ಹೇಳಿದಾಗ ಮಾತ್ರ ಅದನ್ನು ಎತ್ತಿಡಬೇಕು. ತಮ್ಮ ಲಾಯದಲ್ಲಿ ಯಜಮಾನರಿಗೂ ಒಂದು ಮೂಲೆ ಕೊಡಬೇಕು. ಗೊರಕೆ ಹೊಡೆಯುತ್ತಾರೆ, ಆದರೆ ಒದೆಯುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾದದ್ದು, ನನ್ನ ಹೊಸ ಅರ್ಜಿಯ ವಿಚಾರಣೆ ಇರುವ ದಿನವೇ ತಮ್ಮ ದೊಡ್ಡ ಓಟವೂ ಇದೆಯಂತೆ. ಅಂದು ತಾವು ದಯವಿಟ್ಟು ಸೋಲಬೇಕು. ತಾವು ಗೆದ್ದರೆ ಅವರು ಹೂವು ಹಿಡಿದು ನಗುತ್ತಾ ಆ ಕಚೇರಿಯ ಬಾಗಿಲಿಗೇ ಬರುತ್ತಾರೆ. ಅವರು ನಗುವಾಗ ಚೆನ್ನಾಗಿ ಕಾಣುತ್ತಾರೆ, ಮಾನ್ಯರೇ. ಆ ಹೊತ್ತಿನಲ್ಲಿ ಒಂದೇ ಹೆಸರಿಗೆ ಸಹಿ ಹಾಕಬೇಕಾದ ನನ್ನ ಕೈಯ ಮೇಲೆ ನನಗೆ ಪೂರ್ತಿ ನಂಬಿಕೆಯಿಲ್ಲ.

ತಮ್ಮ ಗೊರಸಿನ ಧೂಳಿಗೂ ಬೆಲೆ ತೆತ್ತು ತೀರಿಸಲಾರದ,
ತಮ್ಮ ವಿಶ್ವಾಸಿ,
ಇಸ್ತ್ರಿ ಯಂತ್ರದ ಸದ್ಯದ ಒಡತಿ

ಮರೆತ ಮಾತು: ಮೊನ್ನೆ ಯಜಮಾನರು ಎರಡು ಅಂಗಿ ತಂದುಕೊಟ್ಟರು. ಎಲ್ಲರಿಗೂ ಕೊಡುವ ಹಾಗೆ ಚೀಟಿ ಹರಿದುಕೊಟ್ಟೆ. ನಿನ್ನೆ ಬಂದು, "ದುಡ್ಡು ಶನಿವಾರ ಕೊಡ್ತೀನಿ ಕಣೇ, ಅವತ್ತು ದೊರೆ ಓಡ್ತಾನೆ" ಎಂದರು. ಅಂಗಿಗಳು ಆಗ ತಾನೇ ನೀರಿನಿಂದ ಎದ್ದಿದ್ದವು, ಹಿಂಡಿಯೂ ಇರಲಿಲ್ಲ. ಹಾಗೆಯೇ ಕೈಗೆ ಕೊಟ್ಟು ಕಳಿಸಿದೆ. ತಮ್ಮ ಲಾಯದಲ್ಲಿ ಹಗ್ಗವಿದ್ದರೆ ಒಣಗಹಾಕಿಕೊಡಿ.