ಯಾರ ಕಡೆಯವರೆಂದು ಕೇಳದ ಸರ್ವರ್

ಜನವರಿ ಹನ್ನೆರಡು, ಸೋಮವಾರ, ಬೆಳಗ್ಗೆ ಒಂಬತ್ತೂವರೆ. ತೊಂದರೆ ಶುರುವಾದ ಹೊತ್ತು ಇದು. ನಾನು ತಪ್ಪದೆ ದಿನಚರಿ ಬರೆಯುವವಳು. ಗ್ಯಾಸ್ ಸಿಲಿಂಡರ್ ಎಂದು ಬದಲಾಯಿತು, ಫ್ಯಾನಿನ ಧೂಳು ಎಂದು ಒರೆಸಿದೆ ಎಂಬುದೆಲ್ಲ ನನ್ನಲ್ಲಿ ತಾರೀಖಿನ ಸಮೇತ ಇದೆ. ಹೀಗೆ ಬರೆದಿಡುವವರಿಗೆ ಒಳಗೊಳಗೇ ಒಂದು ಹೆಮ್ಮೆ ಇರುತ್ತದೆ: ತಪ್ಪು ಮಾಡುವವರು ಬೇರೆ ಯಾರೋ, ಟೇಬಲ್ ಮೇಲೆ ಚಹಾ ಕಪ್ಪಿನ ಕಲೆ ಇರುವಂಥವರು. ಆ ಸೋಮವಾರ ಮಧ್ಯಾಹ್ನದವರೆಗೂ ನಾನು ಇದನ್ನು ಪೂರ್ತಿ ನಂಬಿದ್ದೆ.

ನನ್ನ ಕೆಲಸ ಹುಬ್ಬಳ್ಳಿಯ ದೇಶಪಾಂಡೆ ನಗರದ ಒಂದು ಸಣ್ಣ ಸಾಫ್ಟ್‌ವೇರ್ ಆಫೀಸಿನಲ್ಲಿ. ಅಲ್ಲಿ ನಾನೊಬ್ಬಳೇ ನಿಂತು ಮಾಡಿದ ಮೊದಲ ಕೆಲಸ ಗಂಗಕ್ಕನ ರೊಟ್ಟಿ ಕೇಂದ್ರದ್ದು. ಗಂಗಕ್ಕ ಉಣಕಲ್ಲಿನಲ್ಲಿ ನಮ್ಮ ಓಣಿಯವರೇ. ಮೊದಲೆಲ್ಲ ಅವರು ಅಂಗಡಿಗಳ ಆರ್ಡರನ್ನು ಫೋನಿನಲ್ಲಿ ತೆಗೆದುಕೊಳ್ಳುತ್ತಿದ್ದರು. ಎರಡೂ ಕೈಗೆ ಹಿಟ್ಟು, ಹೆಗಲು ಕಿವಿಯ ನಡುವೆ ಫೋನು. ಎರಡು ತಿಂಗಳು ಬೆನ್ನು ಹತ್ತಿ ನಾನು ಅದನ್ನು ಬಿಡಿಸಿದೆ. ಈಗ ಅಂಗಡಿಯವರು ತಮ್ಮ ಮೊಬೈಲಿನಲ್ಲಿ ಒತ್ತುತ್ತಾರೆ. ಆರ್ಡರು ಒಂದು ಸರ್ವರಿಗೆ ಹೋಗಿ ಪಾಳಿಯಲ್ಲಿ, ಅಂದರೆ ಸರದಿ ಸಾಲಿನಲ್ಲಿ, ನಿಲ್ಲುತ್ತದೆ. ಅಡುಗೆಮನೆಯ ಯಂತ್ರ ಆ ಪಾಳಿಯಿಂದ ಒಂದೊಂದಾಗಿ ಕರೆದು ಚೀಟಿ ಮುದ್ರಿಸುತ್ತದೆ. ಸರ್ವರಿನಲ್ಲಿ ಇಂಥ ಪಾಳಿಗಳು ಹಲವು ಇರುವುದರಿಂದ, ಯಾವುದಕ್ಕೆ ಹೋಗಬೇಕೆಂಬ ವಿಳಾಸ ಪ್ರತಿ ಆರ್ಡರಿಗೂ ಅಂಟಿರುತ್ತದೆ. ಅದನ್ನು ಬರೆದದ್ದು ನಾನು. ಎರಡು ಸಲ ಓದಿ ನೋಡಿ ಬರೆದದ್ದು.

ಒಂಬತ್ತೂವರೆಗೆ ಗಂಗಕ್ಕನ ಫೋನು ಬಂತು. “ತಂಗಿ, ನಾಳಿ ಭೋಗಿ. ಹಂಚು ಕಾದಾವು, ಎಂಟು ಮಂದಿ ಕೈ ಕಟಗೊಂಡು ಕುಂತಾರ. ನಿನ್ನ ಮಶೀನು ಮುಂಜಾನಿಂದ ಒಂದು ಚೀಟಿ ಸುದ್ದಾ ಕೊಟ್ಟಿಲ್ಲ ನೋಡವಾ.”

“ಆರ್ಡರ್ ಬಂದಿರಾಕಿಲ್ರಿ ಗಂಗಕ್ಕ,” ಎಂದೆ.

“ಭೋಗಿಗೆ ಸಜ್ಜಿ ರೊಟ್ಟಿ ಯಾರಿಗೂ ಬ್ಯಾಡೇನು? ಅಂಗಡಿಯವರು ಆರ್ಡರ್ ಹೋಗೇತಿ ಅಂತಾರ. ಹೋಗಿದ್ದು ಎಲ್ಲಿಗ್ಹೋತು?”

ಪ್ರಿಂಟರ್ ಆರಿಸಿ ಮತ್ತೆ ಹಚ್ಚಲು ಹೇಳಿದೆ. “ಹಚ್ಚೀನಿ. ಹಸಿರು ದೀಪ ಹಚಗೊಂಡು ಸುಮ್ನ ಕುಂತೈತಿ, ನಮ್ಮಂಗ. ಎರಡು ಗಂಟಿ ತನಾ ನೋಡ್ತೀನಿ ತಂಗಿ. ಆಮ್ಯಾಲ ನನ್ನ ಫೋನು ನಾ ಹಿಡೀತೀನಿ, ನಿನ್ನ ಮಶೀನು ನೀ ಒಯ್ದು ಬಿಡು. ಸಿಟ್ಟಾಗಬ್ಯಾಡ.” ಆ ಕೊನೆಯ ಮಾತೇ ನನ್ನನ್ನು ಹೆದರಿಸಿತು. ಗಂಗಕ್ಕ ಬೈದಿದ್ದರೆ ಸಮಾಧಾನವಿತ್ತು. ಯಂತ್ರವನ್ನು ಹೊತ್ತುಕೊಂಡು ನಮ್ಮದೇ ಓಣಿಯಲ್ಲಿ ನಡೆದುಬರುವ ನನ್ನ ಚಿತ್ರ ಕಣ್ಣ ಮುಂದೆ ಬಂತು.

ಕ್ರಮವಾಗಿ ಹುಡುಕತೊಡಗಿದೆ. ಇಂಟರ್ನೆಟ್ ಸರಿ. ಅಡುಗೆಮನೆಯ ಯಂತ್ರ ಸರಿ. ಪಾಳಿ ಖಾಲಿ. ನಾನೇ ಒಂದು ಆರ್ಡರ್ ಕಳಿಸಿ ನೋಡಿದೆ. ನನ್ನ ಪಕ್ಕದಲ್ಲಿ ಕೂರುವ ಇರ್ಫಾನ್ ಇಂಥ ಹೊತ್ತಿನಲ್ಲಿ ಕೀಲಿಮಣೆಯ ಮೇಲೆ ಕೈ ಸವರಿ ಬಂದದ್ದನ್ನು ಕಳಿಸುತ್ತಾನೆ. ನಾನು ಹಾಗಲ್ಲ, ಪರೀಕ್ಷೆಯ ಆರ್ಡರೂ ಆರ್ಡರಿನಂತೆಯೇ ಇರಬೇಕು. ನನ್ನ ಹೆಸರು, ಮನೆ, ಓಣಿ, ಹತ್ತು ಸಜ್ಜಿ ರೊಟ್ಟಿ, ಎಳ್ಳು ಜಾಸ್ತಿ. ‘ತಲುಪಿತು’ ಎಂದು ಸರ್ವರ್ ಉತ್ತರಿಸಿತು. ಪಾಳಿ ಮಾತ್ರ ಖಾಲಿ. ಮತ್ತೆ ಕಳಿಸಿದೆ. ಹೀಗೆ ಏಳು ಸಲ.

“ಎರರ್ ಬಂದಿಲ್ಲಲ್ಲ, ಮತ್ಯಾಕ ಮಾರಿ ಸಣ್ಣ ಮಾಡೀದಿ?” ಎಂದ ಇರ್ಫಾನ್. “ನನಗ ಎರರ್ ಬಂದಾಗ ದೊಡ್ಡ ಭಾಷಣ ಮಾಡ್ತಿದ್ದಿ. ಸರ್ವರ್ ಬ್ಯಾಡ ಅಂದಿಲ್ಲ. ಬರ್ರಿ ಅಂದು ಒಳಗ ಕರಕೊಂಡೈತಿ.”

ಅವನು ಹೇಳಿದ್ದು ಅಣಕಕ್ಕೆ. ನನಗೆ ಮಾತ್ರ ನಮ್ಮ ಕಾಕಾ ನೆನಪಾದರು. ಹೋದ ವರ್ಷ ಅವರು ಸ್ನೇಹಿತರ ಮಗಳ ಮದುವೆಗೆಂದು ಧಾರವಾಡಕ್ಕೆ ಹೋಗಿದ್ದರು. ಒಂದೇ ರಸ್ತೆಯಲ್ಲಿ ಎರಡು ಕಲ್ಯಾಣ ಮಂಟಪ, ಎರಡರಲ್ಲೂ ಮದುವೆ. ಕಾಕಾ ಒಂದನ್ನು ಹೊಕ್ಕರು. ಪನ್ನೀರು ಹಾಕಿಸಿಕೊಂಡರು, ಹೋಳಿಗೆ ಉಂಡರು, ವಧೂವರರ ನಡುವೆ ನಿಂತು ಫೋಟೋ ತೆಗೆಸಿಕೊಂಡರು. ಸಂಜೆ ಸ್ನೇಹಿತರು ಫೋನ್ ಮಾಡಿ ಯಾಕೆ ಬರಲಿಲ್ಲ ಎಂದು ಬೇಸರಪಟ್ಟಾಗಲೇ ವಿಷಯ ಗೊತ್ತಾದದ್ದು. “ಅಲ್ಲಿ ಯಾರೂ ಕೇಳಲಿಲ್ಲೇನ್ರಿ ಕಾಕಾ?” ಎಂದಿದ್ದೆ. “ಉಣ್ಣಾಕ ಬಂದವರನ್ನ ಯಾರ ಕಡಿಯವರು ಅಂತ ಕೇಳ್ತಾರೇನವಾ?” ಎಂದು ಅವರೇ ನನ್ನನ್ನು ತಿರುಗಿ ಕೇಳಿದ್ದರು. “ಇನ್ನೊಂದು ಹೋಳಿಗಿ ಹಾಕ್ಲ್ಯಾ ಅಂತ ಕೇಳಿದ್ರು.”

ಬೆಳಗಿನಿಂದ ನಾನು ನಮ್ಮ ಮಂಟಪದ ಬಾಗಿಲಲ್ಲೇ ನಿಂತು ಕಾಕಾ ಯಾಕೆ ಬರಲಿಲ್ಲ ಎಂದು ಹುಡುಕುತ್ತಿದ್ದೆ. ಪಕ್ಕದ ಮಂಟಪಕ್ಕೆ ಹಣಿಕಿ ಹಾಕಿರಲಿಲ್ಲ. ನಿನ್ನಲ್ಲಿರುವ ಪಾಳಿಗಳನ್ನೆಲ್ಲ ತೋರಿಸು ಎಂದು ಸರ್ವರನ್ನು ಕೇಳಿದೆ. ಪಟ್ಟಿಯ ಕೊನೆಗೆ ನಾನು ಎಂದೂ ಮಾಡದ ಒಂದು ಪಾಳಿ ಇತ್ತು: ಅಡಿಗಿಮನಿ.ಅಡಿಗಿಮನಿ.ರೊಟ್ಟಿ. ಹುಬ್ಬಳ್ಳಿಯ ಅಷ್ಟೂ ಆರ್ಡರು ಅಲ್ಲಿ ಸಾಲಾಗಿ, ಶಿಸ್ತಾಗಿ ಕೂತಿದ್ದವು.

ಆಗಿದ್ದು ಇಷ್ಟೇ. ವಿಳಾಸದಲ್ಲಿ ಮೊದಲು ಮನೆಯ ಹೆಸರು ಅಡಿಗಿಮನಿ, ಆಮೇಲೆ ಪಾಳಿಯ ಹೆಸರು ರೊಟ್ಟಿ. ಮನೆಯ ಹೆಸರನ್ನು ಮೊದಲು ನಾವೇ ಬರೆಯಬೇಕಿತ್ತು, ಬರೆದಿದ್ದೆ. ಶನಿವಾರ ಸಂಜೆ ನಾನು ಅಂಗಡಿಯವರ ಆಪಿಗೆ ಹೊಸ ಆವೃತ್ತಿ ಹಾಕಿದೆ. ಸಂದೇಶ ಕಳಿಸುವ ಅದರ ಭಾಗ ಈಗ ಮನೆಯ ಹೆಸರನ್ನು ತಾನೇ ಮುಂದೆ ಸೇರಿಸುತ್ತಿತ್ತು. ನಾನು ಬರೆದದ್ದನ್ನು ತೆಗೆದಿರಲಿಲ್ಲ, ಹೆಸರು ಎರಡು ಸಲ ಬಿತ್ತು. ಭಾನುವಾರ ಕೇಂದ್ರಕ್ಕೆ ರಜೆ, ಹಾಗಾಗಿ ಯಾರಿಗೂ ತಿಳಿಯಲಿಲ್ಲ. ಇಂಥ ವಿಳಾಸ ಇಲ್ಲ ಎಂದು ಸರ್ವರಾದರೂ ಹೇಳಬಹುದಿತ್ತು. ಅದೋ ಅಪ್ಪಟ ನಮ್ಮ ಊರಿನದು. ಬಂದವರನ್ನು ಬಾಗಿಲಲ್ಲಿ ನಿಲ್ಲಿಸಬಾರದೆಂದು ಆ ಹೆಸರಿನದೇ ಹೊಸ ಪಾಳಿ ಮಾಡಿ ಎಲ್ಲರನ್ನೂ ಕೂರಿಸಿಬಿಟ್ಟಿತ್ತು.

ನಾನು ಬರೆದ ಮನೆಯ ಹೆಸರನ್ನು ಅಳಿಸಿದೆ. ಕೂತಿದ್ದ ಆರ್ಡರುಗಳನ್ನು ಒಂದೇ ಏಟಿಗೆ ಎತ್ತಿ ಸರಿಯಾದ ಪಾಳಿಗೆ ಹಾಕಿದೆ. ಗಂಟೆ ಒಂದೂ ನಲವತ್ತು. ಗಂಗಕ್ಕ ಫೋನ್ ಮಾಡಿದರು. ಫೋನನ್ನು ಪ್ರಿಂಟರ್ ಹತ್ತಿರ ಹಿಡಿದರು. ಕರ್ ಕರ್ ಎಂದು ಚೀಟಿಗಳು ಬೀಳುತ್ತಲೇ ಇದ್ದವು, ಅದರ ಹಿಂದೆ ರೊಟ್ಟಿ ಬಡಿಯುವ ಸದ್ದು. ಆಮೇಲೆ ಒಂದೇ ಮಾತು: “ಮಶೀನು ಇಲ್ಲೇ ಇರಲಿ ತಂಗಿ.” ನಾನು ಇರ್ಫಾನನಿಗೆ ಒಂದು ಪ್ಲೇಟ್ ಗಿರ್ಮಿಟ್ ಕೊಡಿಸಿದೆ. ದಿನಚರಿಯಲ್ಲಿ ‘ಗೆಲುವು’ ಎಂದು ಬರೆದು ಕೆಳಗೆ ಸ್ಕೇಲಿಟ್ಟು ಗೆರೆ ಎಳೆದೆ.

ಸಂಜೆ ಮನೆಗೆ ಬಂದರೆ ಪಡಸಾಲೆಯಲ್ಲಿ ದೊಡ್ಡ ಬುಟ್ಟಿ, ಅದರ ಪಕ್ಕ ಅವ್ವ. “ಯಾರರ ಬರೂರದಾರೇನ? ಗಂಗಕ್ಕ ಎಪ್ಪತ್ತು ಸಜ್ಜಿ ರೊಟ್ಟಿ ಕಳಿಸ್ಯಾಳ. ಏಳೂ ಚೀಟಿಮ್ಯಾಲ ನಿನ್ನ ಹೆಸರ ಐತಿ. ಎಳ್ಳು ಜಾಸ್ತಿ.”

ಗೆದ್ದ ಭರದಲ್ಲಿ ನನ್ನ ಪರೀಕ್ಷೆಯ ಆರ್ಡರುಗಳನ್ನೂ ಎತ್ತಿ ಹಾಕಿದ್ದೆ. ಇರ್ಫಾನ್ ಕಳಿಸುವಂಥದ್ದಾಗಿದ್ದರೆ ಗಂಗಕ್ಕ ಚೀಟಿ ಹರಿದು ಒಲೆಗೆ ಹಾಕುತ್ತಿದ್ದರು. ನನ್ನದು ಒಂದಕ್ಷರ ತಪ್ಪಿಲ್ಲದ ಆರ್ಡರು. ಒಂದೇ ಮನೆಗೆ ಏಳು ಸಲ ಯಾಕೆಂದು ಅವರೂ ಕೇಳಲಿಲ್ಲ. ಹಬ್ಬದ ಹೊತ್ತಿನಲ್ಲಿ ಹಾಗೆಲ್ಲ ಕೇಳುವ ರೂಢಿ ನಮ್ಮಲ್ಲಿಲ್ಲ. ಊಟಕ್ಕೆ ಬರ್ರಿ ಎಂದು ಕಾಕಾನಿಗೆ ಫೋನ್ ಮಾಡಿದೆ. “ಅಡ್ರೆಸ್ ಸರಿ ಹೇಳವಾ,” ಎಂದರು.

ಬಂದವರನ್ನು ಹೊರಗೆ ಹಾಕದೆ, ಆದರೆ ಯಾರ ಕಡೆಯವರೆಂದು ಒಂದು ಮಾತು ನಯವಾಗಿ ಕೇಳುವಂತೆ ಸರ್ವರಿಗೆ ಕಲಿಸುವುದು ಹೇಗೆಂದು ನಿಮ್ಮಲ್ಲಿ ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ನನಗೆ ಬರೆಯಿರಿ. ಬರೆಯುವಾಗ ನಿಮ್ಮ ವಿಳಾಸವನ್ನು ಒಂದೇ ಸಲ, ಸರಿಯಾಗಿ ಬರೆಯಿರಿ. ಇನ್ನೂ ನಲವತ್ತು ರೊಟ್ಟಿ ಉಳಿದಿವೆ.