ಅಮ್ಮನ ಆಮ್ಲ

ಬನ್ನಿ, ಕೂತ್ಕೊಳ್ಳಿ. ಕಾಲು ಚಾಚಿದರೂ ಅಡ್ಡಿಯಿಲ್ಲ, ನಡುವೆ ನಗಬಾರದು. ಇದು ಆಫೀಸಿನ ವಿಷಯ. ಬಸಿರಾಗಲು ಚಿಕಿತ್ಸೆಗೆ ಬರುವ ಹೆಂಗಸರ ರಕ್ತದಲ್ಲಿ ಅಮೈನೋ ಆಮ್ಲ ಎಷ್ಟಿದೆ, ಆಂಟಿಆಕ್ಸಿಡೆಂಟ್ ಎಷ್ಟಿದೆ ಎಂದು ನೋಡಿಯೇ ಮುಂದುವರಿಯತಕ್ಕದ್ದೆಂದು ದೊಡ್ಡಾಸ್ಪತ್ರೆ ತೀರ್ಮಾನಿಸಿತು. ಟೈಪಿಸ್ಟನಿಗೆ 'ಅಮೈನೋ' ಎಂಬುದು ಕಾಗುಣಿತದ ತಪ್ಪು ಅನ್ನಿಸಿತು. ತಿದ್ದಿ 'ಅಮ್ಮನ ಆಮ್ಲ' ಎಂದು ಹೊಡೆದ. ಮೇಲಿನವರು ರುಜು ಹಾಕಿದರು. ರುಜು ಬಿದ್ದ ಮೇಲೆ ಅದು ತಪ್ಪಲ್ಲ, ನಿಯಮ.

ಹೊಲಿಗೆಯವಳು ರಕ್ತ ಕೊಡಲು ತೋಳು ನೀಡಿ ಕೂತಳು. ಬೀದಿಯ ಕೂಸುಗಳಿಗೆಲ್ಲ ಅಂಗಿ ಹೊಲಿದು, ತನ್ನದೊಂದಕ್ಕೆ ಹೊಲಿಯುವ ಆಸೆಯನ್ನು ಒಳಗೇ ಮಡಚಿಟ್ಟವಳು ಅವಳು.

"ನಿಮ್ಮದಲ್ಲ, ನಿಮ್ಮ ಅಮ್ಮಂದು ಬೇಕು," ಅಂದಳು ನರ್ಸ್.

"ಅಮ್ಮ ತೀರಿಕೊಂಡು ಬಹಳ ಕಾಲ ಆಯ್ತು ಸಿಸ್ಟರ್."

"ಹಾಗಾದರೆ ಅತ್ತೆ ಬರಲಿ. ಅತ್ತೆ ತಾಯಿಗೆ ಸಮಾನ ಅಂತ ಉಪನಿಯಮ ಇದೆ."

ಸೊಸೆಗೆ ಒಂದು ಲೋಟ ನೀರೂ ಎತ್ತಿಕೊಡದ ಅತ್ತೆ, ಬಂದು ರಕ್ತ ಕೊಟ್ಟಳು. ಡಾಕ್ಟರು ಫಲಿತಾಂಶ ಓದಿದರು: "ಅಮ್ಮನ ಆಮ್ಲ ಭರ್ತಿ. ಆಂಟಿಆಕ್ಸಿಡೆಂಟ್ ಅಂದರೆ ಮೈ ತುಕ್ಕು ಹಿಡಿಯದ ಹಾಗೆ ಕಾಯೋದು, ಅದೂ ಜೋರಾಗಿದೆ."

"ನಾಲಿಗೆ ನೋಡಿದ್ದರೇ ಗೊತ್ತಾಗ್ತಿತ್ತಲ್ಲ ಸ್ವಾಮಿ, ಸೂಜಿ ಯಾಕೆ ಚುಚ್ಚಿದಿರಿ?" ಅಂದ ಮಾವ.

ಯಾರ ಆಮ್ಲ ಸರಿಯಿದೆಯೋ ಚಿಕಿತ್ಸೆ ಅವರ ಹೆಸರಿಗೇ ಎಂದು ನಿಯಮ. ಹೊಲಿಗೆಯವಳ ಕಣ್ಣು ತುಂಬಿತು. ನರ್ಸ್ ಹೃದಯವಂತೆ; ಕಿವಿಯಲ್ಲಿ ಉಸುರಿದಳು: "ಹೆಸರು ಅವರದಿರಲಿ, ಸೂಜಿ ನಿಮಗಿರಲಿ."

ಹೆಸರಿನಲ್ಲೇನಿದೆ, ಮಡಿಲು ತುಂಬಿದರೆ ಸಾಕು ಎಂದು ಅವಳು ಒಪ್ಪಿದಳು. ಮಡಿಲು ತುಂಬಿತು. ಹೆಣ್ಣುಕೂಸು. ಆಸ್ಪತ್ರೆ ಮಾತ್ರ ಅತ್ತೆಗೆ ಸುಖಪ್ರಸವವಾಗಿದೆಯೆಂದು ಘೋಷಿಸಿತು.

ಗಂಡ ಡಾಕ್ಟರ ಬಳಿಗೆ ಓಡಿದ. "ಸಾರ್, ಹೆತ್ತವಳು ನನ್ನ ಹೆಂಡತಿ."

"ಅವರ ರಕ್ತವನ್ನೇ ನಾವು ನೋಡಿಲ್ಲವಲ್ಲ. ನಿಮಗೆ ತಂಗಿ ಹುಟ್ಟಿದ್ದಾಳೆ, ಹೋಗಿ ಸಂತೋಷಪಡಿ."

ಟೈಪಿಸ್ಟ್ ಈಗ ವೈದ್ಯಕೀಯ ಪದಗಳ ಸಮಿತಿಯ ಅಧ್ಯಕ್ಷ. ನರ್ಸ್ ಅಮ್ಮನ ಆಮ್ಲ ವಿಭಾಗದ ಮುಖ್ಯಸ್ಥೆ. ಡಾಕ್ಟರು ಪೂರ್ಣ ವಿಶ್ರಾಂತಿ ಹೇಳಿದ್ದರಿಂದ ಅತ್ತೆ ಇನ್ನೂ ಹಾಸಿಗೆ ಬಿಟ್ಟು ಎದ್ದಿಲ್ಲ. ಬಿಸಿನೀರು ಕಾಯಿಸಿಕೊಡುವವಳು ಹೆತ್ತವಳೇ. ಬೀದಿಯವರು ಬೆನ್ನು ತಟ್ಟಿದ ಮೇಲೆ ಮಾವ ಮೀಸೆಗೆ ಬಣ್ಣ ಹಚ್ಚುತ್ತಾನೆ. ಗಂಡ ತಂಗಿಯನ್ನು ಹೆಗಲ ಮೇಲೆ ಹೊತ್ತು ತಿರುಗುತ್ತಾನೆ.

ಹೊಲಿಗೆಯವಳು ನಾದಿನಿಯನ್ನು ಎದೆಗವಚಿ ಹಾಲೂಡಿಸುತ್ತಾಳೆ. ಎದುರುಮಾತಾಡದ ಇಂಥ ನಾದಿನಿ ಬೇರೆ ಯಾರ ಮನೆಯಲ್ಲಿದ್ದಾಳೆ, ತೋರಿಸಿ ಅನ್ನುತ್ತಾಳೆ.