ಏಳನೆಯ ನಂಬರಿನ ಅಂಗಿ

ಜನವರಿಯ ಒಂದು ಭಾನುವಾರ, ಬೆಳಗ್ಗೆ ಆರು ಗಂಟೆ ಹತ್ತು ನಿಮಿಷ. ಸ್ಥಳ, ಮುಂಬಯಿಯ ಆಂಟಾಪ್ ಹಿಲ್‌ನ ನಮ್ಮ ಮನೆಯ ಹಾಲ್. ಹಾಜರಿದ್ದವರು ನಾನು, ನನ್ನ ಮೈದುನ ಮತ್ತು ಒಂದು ಲಾಬ್ಸ್ಟರ್. ಮೂವರಲ್ಲಿ ಇಬ್ಬರಿಗೆ ಬುದ್ಧಿ ನೆಟ್ಟಗಿತ್ತು. ಆ ಇಬ್ಬರಲ್ಲಿ ಮೈದುನ ಸೇರಿಲ್ಲ.

ಈ ಮಹಾಶಯ ಮೀನುಗಳ ಸಂಶೋಧನಾಲಯದಿಂದ ನಿವೃತ್ತನಾದ. ಸಂಶೋಧನೆಯೂ ನಿವೃತ್ತವಾಗಬೇಕಲ್ಲ! ಮೊಟ್ಟೆಯೂ ಹೊಸ್ತಿಲು ದಾಟದ ನಮ್ಮ ಮನೆಗೆ ಜೀವಂತ ಲಾಬ್ಸ್ಟರ್, ಅಂದರೆ ಚಿಪ್ಪಿನ ದೊಡ್ಡ ಕಡಲ ಸಿಗಡಿ, ಬಂತು, ಗಾಜಿನ ತೊಟ್ಟಿ ಸಮೇತ. ಅದಕ್ಕೆ ಬಾಂದ್ರಾದಿಂದ ಸಮುದ್ರದ ನೀರು, ಕ್ಯಾನಿನಲ್ಲಿ, ಲೋಕಲ್ ರೈಲು ಹತ್ತಿ ಬರುತ್ತದೆ. ಒಮ್ಮೆ ಎದುರು ಕೂತ ಅಜ್ಜ ಕ್ಯಾನಿಗೆ ಕೈಮುಗಿದು, "ಗಂಗಾಜಲ್ ಹೈ ಕ್ಯಾ?" ಎಂದನಂತೆ. ಇವನು ಯಾವುದೋ ಯೋಚನೆಯಲ್ಲಿ "ಹಾಂ" ಅಂದುಬಿಟ್ಟ. ಅಜ್ಜ ಒಂದು ಬೊಗಸೆ ಕುಡಿದು ಮುಂದಿನ ಸ್ಟೇಷನ್ನಿನಲ್ಲೇ ಇಳಿದುಹೋದ. ಅದು ಅವನ ಸ್ಟೇಷನ್ ಆಗಿರಲಿಲ್ಲ.

ಲಾಬ್ಸ್ಟರ್ ಬೆಳೆಯುವುದು ಚಿಪ್ಪು ಕಳಚಿದಾಗ ಮಾತ್ರ. ಚಿಪ್ಪಿಗೆ ಅಂಟಿಸಿದ ಗುರುತು ಚಿಪ್ಪಿನ ಜೊತೆಗೇ ಹೋಗುತ್ತದೆ. ಹಾಗಾಗಿ ಇವನು ಬೆನ್ನು, ಬಾಲ ಕೂಡುವ ಸಂದಿನ ಮಾಂಸಕ್ಕೇ ದಾರದಂಥ ಪ್ಲಾಸ್ಟಿಕ್ ಪಟ್ಟಿ ಸಿಕ್ಕಿಸಿದ್ದ. ನಂಬರ್ ಏಳು. ಹಿಂದೆ ಎರಡು ಸಲ ಪಟ್ಟಿ ಉದುರಿತ್ತು.

"ಇರೋದ ಒಂದು. ಅದಕ್ಕ ನಂಬರ್ ಯಾಕೋ?" ಎಂದಿದ್ದೆ, ಅತ್ತಿಗೆಯ ಗತ್ತಿನಲ್ಲಿ.

"ಬೆಳದ ಮ್ಯಾಲೂ ಇದು ಅದನ ಅಂತ ಹೆಂಗ ಗೊತ್ತಾಗಬೇಕ್ರೀ ವೈನಿ?"

"ಮೂರನೇ ಸಲಾನೂ ಉದುರಿದ್ರ ತೊಟ್ಟಿ ಹೊರಗ."

"ಆತ್ರಿ," ಎಂದ, ಮುಖ ಸಣ್ಣದು ಮಾಡಿ.

ಆ ಭಾನುವಾರ ಅವನು "ವೈನಿ, ಲಗೂನ ಬರ್ರಿ!" ಎಂದಾಗ ಗ್ಯಾಸ್ ಆರಿಸಿ ಓಡಿದೆ. ಬೆನ್ನಿನ ಹಿಂದೆ ಚಿಪ್ಪು ಬಿರಿದಿತ್ತು. ಮೀಸೆ, ಕಾಲುಗಳನ್ನೆಲ್ಲ ಎಳೆದುಕೊಂಡು ಪ್ರಾಣಿ ಹಿಂದಕ್ಕೆ ಜಾರಿ ಹೊರಬಂತು. ತೊಟ್ಟಿಯಲ್ಲೀಗ ಎರಡು ಲಾಬ್ಸ್ಟರ್: ಒಂದು ಪೊಳ್ಳು, ಒಂದು ಮೆತ್ತಗೆ. ಪಟ್ಟಿ ಯಾವುದರ ಮೇಲೆ? ತೊಟ್ಟಿ ಹೊರಗೆ ಎಂದಿದ್ದ ನಾನೇ ದೇವರನ್ನು ನೆನೆಯುತ್ತಿದ್ದೆ.

"ಏಳು ಅದ ವೈನಿ. ಮೈಮ್ಯಾಲ ಅದ!"

"ಇಂಥಾದ್ದೆಲ್ಲ ಎಲ್ಲಿ ಕಲ್ತಿಯೋ?"

"ನಿಮ್ಮ ಹತ್ರ," ಎಂದ, ತೊಟ್ಟಿಯಿಂದ ಕಣ್ಣು ತೆಗೆಯದೆ.

ತಾಯಿ ಹೋದ ಮೇಲೆ, ಒಂಬತ್ತು ವರ್ಷದ ಇವನನ್ನು ವಿಜಯಪುರದಿಂದ ಮುಂಬಯಿಗೆ ಕರೆತಂದವಳು ನಾನು. ಗದ್ದಲದಲ್ಲಿ ಕಳೆದುಹೋದಾನೆಂದು ಅಂಗಿಯ ಕಾಲರಿನೊಳಗೆ ವಿಳಾಸದ ಬಟ್ಟೆಪಟ್ಟಿ ಹೊಲಿದಿದ್ದೆ. ನಾನು ಮರೆತೇಬಿಟ್ಟಿದ್ದೆ.

"ಅಂಗಿ ಸಣ್ಣದಾದಾಗೊಮ್ಮೆ ಬಿಚ್ಚಿ ಹೊಸಾದಕ್ಕ ಹೊಲೀತಿದ್ರಿ. ಅಂಗಿ ಬದಲಾದ್ವು, ಪಟ್ಟಿ ಅದನ ಇತ್ತು."

ಹೊಸ ಮೈ ಗಟ್ಟಿಯಾಗುವವರೆಗೆ ಮುಟ್ಟುವಂತಿಲ್ಲವಂತೆ. ಹಳೆಯ ಚಿಪ್ಪನ್ನು ಅವನು ಅಳೆದ, ನಾನು ಅವನ ಲೆಕ್ಕದ ವಹಿಯಲ್ಲಿ ಬರೆದೆ. ಸಂಜೆ ಆರಕ್ಕೆ ಸೂಜಿದಾರ ತೆಗೆದು, ಮೆತ್ತಗಿನ ಜೀವಕ್ಕೆ ಬೆಳಕು ಚುಚ್ಚದಿರಲೆಂದು, ತೊಟ್ಟಿಗೊಂದು ಪರದೆ ಹೊಲಿದು ಮುಗಿಸಿದೆ.